ಗುಲಾಬಿಯ ಗಿಡವೂ ಅಹಿಂಸಾಣುವ್ರತವೂ



ಕಳೆದ ದಶಲಕ್ಷಣ ಪರ್ವದಲ್ಲಿ ಉತ್ತಮ ಸಂಯಮಧರ್ಮದ ದಿನ, ಬಸದಿಯ ಜಗಲಿಯಲ್ಲಿ ಶ್ರಾವಿಕೆಯೊಬ್ಬರು ನನ್ನನ್ನು ಕೇಳಿದರು: “ಅಂಗಳದ ಗುಲಾಬಿಗೆ ಹುಳು ಬಿದ್ದಿದೆ. ಔಷಧ ಹೊಡೆದರೆ ವ್ರತಕ್ಕೆ ದೋಷ. ಹೊಡೆಯದಿದ್ದರೆ ಗಿಡ ಉಳಿಯದು. ಏನು ಮಾಡಲಿ?” ಇಷ್ಟು ಸಣ್ಣ ಪ್ರಶ್ನೆಯೆ ಎಂದು ಪಕ್ಕದವರು ನಕ್ಕರು. ನನಗೆ ನಗು ಬರಲಿಲ್ಲ. ಇದೇ ವಿಷಯದಲ್ಲಿ ನಾನು ಒಮ್ಮೆ ಎಡವಿದವನು.

ನಿವೃತ್ತನಾದ ಮೇಲೆ ಹನ್ನೆರಡು ಕುಂಡಗಳಲ್ಲಿ ಗುಲಾಬಿ ಬೆಳೆಸಿದ್ದೆ. ಒಂದು ಬೆಳಗ್ಗೆ ನೋಡಿದರೆ ಎಲೆಗಳ ಅಂಚನ್ನು ಯಾರೋ ಕತ್ತರಿಯಿಂದ ಅರ್ಧಚಂದ್ರಾಕಾರವಾಗಿ ಕತ್ತರಿಸಿದಂತಿತ್ತು. ತೋಟ ನೋಡಿಕೊಳ್ಳುವವನಿಗೆ “ಏನಾದರೂ ಮಾಡಪ್ಪ” ಎಂದು ಹೇಳಿ ಅಭಿಷೇಕಕ್ಕೆ ಹೊರಟುಬಿಟ್ಟೆ. ಹಿಂದಿರುಗುವಷ್ಟರಲ್ಲಿ ಅಂಗಳವೆಲ್ಲ ವಿಷದ ವಾಸನೆ. ಎರಡು ದಿನಗಳ ಬಳಿಕ ಹಿತ್ತಿಲ ಗೋಡೆಯ ರಂಧ್ರದಲ್ಲಿ ಹಸಿರೆಲೆಯ ಸುರುಳಿಗಳನ್ನೂ ಕೆಳಗೆ ಸತ್ತುಬಿದ್ದ ಎರಡು ಜೇನುಗಳನ್ನೂ ಕಂಡೆ. ಅದು ಎಲೆಕತ್ತರಿ ಜೇನು. ಎಲೆಯನ್ನು ಅದು ತಿನ್ನುವುದಿಲ್ಲ. ತುಂಡುಗಳನ್ನು ಸುತ್ತಿ ತೊಟ್ಟಿಲು ಮಾಡಿ, ಪರಾಗ ಮಕರಂದಗಳನ್ನಿರಿಸಿ, ಒಂದೊಂದರಲ್ಲಿ ಒಂದೊಂದು ಮೊಟ್ಟೆಯಿಡುತ್ತದೆ. ಆರೋಗ್ಯವುಳ್ಳ ಗಿಡಕ್ಕೆ ಅದರಿಂದ ಹಾನಿಯಿಲ್ಲ. ಇದನ್ನು ನಾನು ತಿಳಿದುಕೊಂಡದ್ದು ಆ ಮೇಲೆ.

ಕೈ ನನ್ನದಲ್ಲವಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಮಕ್ಕಳಿಗೆ ಪಾಠ ಹೇಳಿದವನು ನಾನೇ ಅಲ್ಲವೆ? ಪ್ರಮತ್ತಯೋಗದಿಂದ ಪ್ರಾಣವಿಯೋಗ ಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯ ಹೇಳುತ್ತದೆ. ಬಗ್ಗಿ ನೋಡದೆ ಮಾತನಾಡಿದ್ದೇ ನನ್ನ ಪ್ರಮಾದ. ಮುಂದಿನ ಚತುರ್ದಶಿಯಂದು ಉಪವಾಸವಿದ್ದು ಪ್ರತಿಕ್ರಮಣ ಮಾಡಿದೆ.

ಗೃಹಸ್ಥನಿಗೆ ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳು ಪೂರ್ಣವಾಗಿ ತಪ್ಪವು. ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಅವನು ಬಿಟ್ಟೇ ತೀರಬೇಕು. ಗುಲಾಬಿಯ ಹುಳುವನ್ನು ಕೊಲ್ಲುವುದು ವಿರೋಧಿ ಹಿಂಸೆಯೆಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ರೈತನ ಬೆಳೆ ಅವನ ಜೀವನೋಪಾಯ. ನಮ್ಮ ಕುಂಡದ ಹೂವು ಕಣ್ಣಿನ ಸುಖ. ಅಲ್ಲದೆ ವಿಷಕ್ಕೆ ವಿವೇಕವಿಲ್ಲ. ಕಾಸರಗೋಡು, ದಕ್ಷಿಣ ಕನ್ನಡಗಳ ಗೇರುತೋಟಗಳ ಮೇಲೆ ಸುರಿದ ಎಂಡೋಸಲ್ಫಾನ್ ಹುಳುವಿನಲ್ಲಿಯೇ ನಿಲ್ಲಲಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯಬೇಕಾಯಿತು.

ಆದುದರಿಂದ ಮೊದಲು ನೋಡತಕ್ಕದ್ದು. ಎಳೆಯ ಕುಡಿಯಲ್ಲೂ ಮೊಗ್ಗಿನ ತೊಟ್ಟಿನಲ್ಲೂ ಗುಂಪುಗೂಡಿದ ಹಸಿರು ಚುಕ್ಕೆಗಳು ಸಸ್ಯಹೇನುಗಳು. ಅವು ಸ್ರವಿಸುವ ಸಿಹಿ ಅಂಟಿಗೆ ಇರುವೆಗಳು ಸಾಲುಗಟ್ಟುತ್ತವೆ, ಅದರ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತದೆ. ಗಂಡಿನ ಸಂಗವಿಲ್ಲದೆಯೇ ಮರಿಹಾಕುವುದರಿಂದ ವಾರದೊಳಗೆ ಕುಡಿಯೇ ಮುಚ್ಚಿಹೋಗುವಷ್ಟು ಹೆಚ್ಚುತ್ತವೆ. ಬೇಸಗೆಯಲ್ಲಿ ಎಲೆಯ ಮೇಲೆ ಹಳದಿ ಚುಕ್ಕೆಗಳೂ ಅಡಿಯಲ್ಲಿ ನವಿರಾದ ಬಲೆಯೂ ಕಂಡರೆ ಕೆಂಪು ನುಸಿ. ಒಣಹವೆ, ಧೂಳು ಇವೇ ಅದಕ್ಕೆ ಆಹ್ವಾನ. ಮೊಗ್ಗು ಅರಳದೆ ದಳದ ಅಂಚು ಕಂದಿದರೆ ಥ್ರಿಪ್ಸ್ ದಳಗಳ ನಡುವೆ ಅಡಗಿರುತ್ತದೆ. ಪೂಜೆಗೆ ಹೂ ಬಳಸುವ ಪದ್ಧತಿಯ ಮನೆಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ತೇರಾಪಂಥದವರು ಕೇಸರಿಯಿಂದ ಬಣ್ಣವೇರಿಸಿದ ಅಕ್ಷತೆಯನ್ನೇ ಪುಷ್ಪವೆಂದು ಅರ್ಪಿಸುವುದನ್ನು ನಾವು ಹಗುರವಾಗಿ ಕಾಣಬಾರದು.

ಹುಳು ಹೆಚ್ಚದಂತೆ ಮಾಡುವುದೇ ಶ್ರಾವಕನ ಉಪಾಯ. ಹೂವಿನ ಆಸೆಗೆ ಯೂರಿಯವನ್ನು ಸುರಿದರೆ ಚಿಗುರು ಕೊಬ್ಬಿ ಹೇನುಗಳನ್ನು ಕರೆಯುತ್ತದೆ. ನಾವೇ ಔತಣವಿಟ್ಟು ಆ ಮೇಲೆ ಅತಿಥಿಯನ್ನು ಕೊಲ್ಲುವುದು ಯಾವ ನ್ಯಾಯ? ಕುಂಡಗಳ ನಡುವೆ ಗಾಳಿಯಾಡಲಿ, ಬಿಸಿಲು ಬೀಳಲಿ. ಬೇಸಗೆಯಲ್ಲಿ ಬೆಳಗಿನ ಹೊತ್ತು ಸೋಸಿದ ನೀರಿನಿಂದ ಎಲೆಯ ಅಡಿಯನ್ನು ತೊಳೆದರೆ ನುಸಿ ಬಲಿಯುವುದಿಲ್ಲ. ಹೇನು ಕಂಡಾಗ ಮೃದುವಾದ ಕುಂಚದಿಂದ ಎಲೆಯೊಂದರ ಮೇಲೆ ಸರಿಸಿ, ಹಿತ್ತಿಲ ಕಾಡುಗಿಡದ ನೆರಳಿನಲ್ಲಿ ಬಿಡುವುದು ನನ್ನ ಕ್ರಮ. ಇದರಲ್ಲಿ ಹಿಂಸೆಯೇ ಇಲ್ಲವೆಂದು ಹೇಳಲಾರೆ. ಎಷ್ಟೋ ಸಾಯುತ್ತವೆ. ಅದನ್ನು ಬಲ್ಲೆ, ಮರೆಮಾಚುವುದಿಲ್ಲ.

ಬೇವಿನೆಣ್ಣೆಯಾದರೆ ದೋಷವಿಲ್ಲವೆಂಬ ಮಾತು ಈಚೆಗೆ ಕೇಳಿಬರುತ್ತಿದೆ. ಬೇವು ಕೀಟದ ಪೊರೆ ಕಳಚದಂತೆ ತಡೆದು ನಿಧಾನವಾಗಿ ಕೊಲ್ಲುತ್ತದೆ. ಮನುಷ್ಯನಿಗೆ ಅದು ಸೌಮ್ಯವಿರಬಹುದು, ನಮ್ಮ ಸಂಕಲ್ಪ ಮಾತ್ರ ಅದೇ. ಹೇನುಗಳನ್ನು ತಿನ್ನುವ ಗುಲಗಂಜಿ ಹುಳುಗಳನ್ನು ಕೊಂಡುತಂದು ಬಿಡುವುದೂ ಕಾರಿತವೇ. ತಾವಾಗಿ ಬಂದರೆ ಅದು ಅವುಗಳ ಆಹಾರ, ನಮ್ಮ ಕೈ ಅದರಲ್ಲಿಲ್ಲ. ವಿಷ ಸಿಂಪಡಿಸುವ ಪಂಪನ್ನು ನೆರೆಯವರಿಗೆ ಎರವಲು ಕೊಡುವುದು ಅನರ್ಥದಂಡದಲ್ಲಿ ಹಿಂಸಾದಾನವಾಗುತ್ತದೆ. ಇಂಥ ವಿಷ ಒಳ್ಳೆಯದೆಂದು ಹೇಳುವುದು ಪಾಪೋಪದೇಶ. ನಮ್ಮಲ್ಲಿ ಎಷ್ಟು ಮಂದಿ ಇದನ್ನು ನೆನೆಯುತ್ತೇವೆ?

ಇನ್ನೊಂದು ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಬಿಡತಕ್ಕವುಗಳಲ್ಲಿ ಆರಂಭದೊಡನೆ ಗಂಧವನ್ನೂ ಪುಷ್ಪವನ್ನೂ ಎಣಿಸಿದ್ದಾರೆ. ಅಷ್ಟಮಿ ಚತುರ್ದಶಿಗಳಲ್ಲಿ ಕತ್ತರಿಯನ್ನೂ ಕೊಳವೆಯನ್ನೂ ಒಳಗಿಟ್ಟುಬಿಡಿ. ಗಿಡವನ್ನು ನೋಡದೆ ಒಂದು ದಿನ ಇರಲಾಗದಿದ್ದರೆ, ನಮ್ಮ ಪರಿಗ್ರಹ ಎಲ್ಲಿಯವರೆಗೆ ಬೇರಿಳಿದಿದೆಯೆಂಬುದು ಅಂದೇ ತಿಳಿಯುತ್ತದೆ. ನನಗೆ ಹಾಗೆಯೇ ತಿಳಿಯಿತು. ಈಗ ಕುಂಡಗಳು ನಾಲ್ಕು ಮಾತ್ರ.

ಆ ಶ್ರಾವಿಕೆಗೆ ಅಂದು ನಾನು ಹೇಳಿದ್ದು, ಹುಳು ಯಾವುದೆಂದು ನೋಡಿಕೊಂಡು ಬನ್ನಿರೆಂದು ಮಾತ್ರ. ಮರುದಿನ ಉದುರಿದ ನಾಲ್ಕಾರು ಎಲೆಗಳನ್ನು ತಂದರು. ಹಳದಿಗೆ ತಿರುಗಿದ ಎಲೆಯ ಮೇಲೆ ಅಂಚು ಹರಿದಂತಿರುವ ಕಪ್ಪು ಮಚ್ಚೆಗಳು. ಭೂತಗನ್ನಡಿಯಿಟ್ಟು ಇಬ್ಬರೂ ಎರಡೂ ಮಗ್ಗುಲನ್ನು ಹುಡುಕಿದೆವು. ಹುಳುವೇ ಇರಲಿಲ್ಲ, ಅದು ಮಳೆಗಾಲದ ಕಪ್ಪುಚುಕ್ಕೆ ರೋಗ, ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಹರಡುವ ಬೂಷ್ಟು. ಮಚ್ಚೆಯೆಲೆಗಳನ್ನು ಆರಿಸಿ ತೆಗೆದು, ಮಳೆಯಿಲ್ಲದ ದಿನ ಸಂಜೆ ತಲೆಯ ಮೇಲೆ ನೀರು ಹಾಕುವುದನ್ನು ಬಿಟ್ಟು, ಬೆಳಗ್ಗೆ ಬುಡಕ್ಕೆ ಮಾತ್ರ ಹಾಕಿರೆಂದು ಹೇಳಿ ಕಳುಹಿಸಿದೆ.