ಹರಾಜಾದ ಕುದುರೆಯ ಉಳಿದ ಇಪ್ಪತ್ತು ವರ್ಷ

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ, ಅಂದರೆ ಹಲವರ ಬಾಯಲ್ಲಿ ಇನ್ನೂ ಔರಂಗಾಬಾದ್ ಆಗಿಯೇ ಉಳಿದಿರುವ ಊರಿಗೆ, ಕಾರಿನಲ್ಲಿ ಹೊರಟರೆ ಸುಮಾರು 80 ಕಿಲೋಮೀಟರ್ ಆದ ಮೇಲೆ ಯೇವಲಾ ಸಿಗುತ್ತದೆ. ಪೈಠಣಿ ಸೀರೆ ಕೊಳ್ಳುವವರಿಗೆ ಈ ಊರು ಗೊತ್ತು. ಹಿಂದೂವಾಗಿ ಸಾಯುವುದಿಲ್ಲ ಎಂದು ಅಂಬೇಡ್ಕರ್ ಸಾರಿದ್ದು ಇಲ್ಲೇ, 1935ರ ಅಕ್ಟೋಬರ್ 13ರಂದು. ಇವೆರಡರಷ್ಟು ಹೆಸರಾಗದ ಇನ್ನೊಂದು ಸಂಗತಿ ಇಲ್ಲಿನ ಕುದುರೆ ಸಂತೆ. ಮಂಗಳವಾರ ಸಂತೆಯ ದಿನ. ದಸರಾ ಹೊತ್ತಿಗೆ ಸಂತೆ ದೊಡ್ಡದಾಗುತ್ತದೆ. ಇನ್ನೂ ಉತ್ತರಕ್ಕೆ, ನಂದುರಬಾರ್ ಜಿಲ್ಲೆಯ ತಾಪಿ ದಂಡೆಯ ಸಾರಂಗಖೇಡಾದಲ್ಲಿ ದತ್ತ ಜಯಂತಿಗೆ ನೆರೆಯುವ ಕುದುರೆ ಜಾತ್ರೆ ಇದಕ್ಕಿಂತ ಪ್ರಸಿದ್ಧ.

ಇಂಥ ಸಂತೆಗಳಲ್ಲಿ ಹೆಚ್ಚಾಗಿ ಕಾಣುವುದು ಮಾರವಾಡಿ, ಕಾಠಿಯಾವಾಡಿ ತಳಿಗಳು. ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಕಾಲೂ ಮುಖವೂ ಬಿಳುಪಾಗಿರುವ ಪಂಚಕಲ್ಯಾಣಿಯಾದರೆ ಎರಡು ಸಲ ನೋಡುತ್ತಾನೆ, ಹತ್ತಿ ಓಡಿಸುತ್ತಾನೆ. ಹಳೆಯ ಸಂತೆಗಳ ಕ್ರಮದಲ್ಲಿ ಚೌಕಾಸಿ ನಡೆಯುತ್ತಿದ್ದುದು ಬಟ್ಟೆಯ ಕೆಳಗೆ, ಬೆರಳು ಹಿಡಿದು. ಬೆಲೆ ಗುಟ್ಟು, ಆದರೆ ಮನುಷ್ಯ ಗುಟ್ಟಲ್ಲ. ಯಾವ ಊರಿನವನು, ಯಾತಕ್ಕೆ ಒಯ್ಯುತ್ತಾನೆ, ಮನೆಯಲ್ಲಿ ಮೇವಿದೆಯೇ ಎಂಬುದೆಲ್ಲ ಮಾತಿನ ನಡುವೆ ಹೊರಬೀಳುತ್ತಿತ್ತು.

ರೇಸಿನ ಕುದುರೆಯ, ಅಂದರೆ ಥರೋಬ್ರೆಡ್ ಕುದುರೆಯ ಹರಾಜು ಇದಕ್ಕೆ ಸರಿಯಾಗಿ ತಿರುವುಮುರುವು. ಅಲ್ಲಿ ಬೆಲೆ ಎಲ್ಲರೆದುರು ಕೂಗಿ ಹೇಳುವಂಥದ್ದು. ಕೊಳ್ಳುವವನು ಯಾರು, ಎಂಥವನು ಎಂಬುದು ಮಾರುವವನಿಗೆ ಬೇಕಾಗಿಯೇ ಇಲ್ಲ. ಈ ಬರಹದ ಪ್ರಶ್ನೆ ಇರುವುದು ಆ ವ್ಯತ್ಯಾಸದಲ್ಲಿ. ಒಂದು ಜೀವವನ್ನು ಮಾರಲೆಂದೇ ಹುಟ್ಟಿಸಿದವನ ಹೊಣೆ, ಸುತ್ತಿಗೆ ಬಿದ್ದ ಕ್ಷಣಕ್ಕೆ ಮುಗಿಯುತ್ತದೆಯೇ?

ಮೊದಲು ಹರಾಜಿನ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ, ಏಕೆಂದರೆ ಅದು ಸಣ್ಣದಲ್ಲ. ಕುದುರೆ ಬಸಿರಾಗಿರುವುದು ಹತ್ತಿರಹತ್ತಿರ ಹನ್ನೊಂದು ತಿಂಗಳು. ಥರೋಬ್ರೆಡ್ ವಂಶಾವಳಿಯ ನಿಯಮದ ಪ್ರಕಾರ ಕೃತಕ ಗರ್ಭಧಾರಣೆ ಇಲ್ಲ, ಗಂಡು ಕುದುರೆಯ ಬಳಿಗೆ ಹೆಣ್ಣನ್ನು ಕರೆದೊಯ್ಯಲೇಬೇಕು. ಮರಿ ಹುಟ್ಟಿದ ಮೇಲೆ ಒಂದೆರಡು ವರ್ಷ ಆದಾಯವಿಲ್ಲದೆ ಸಾಕಬೇಕು. ಸಯೀಸರ ಸಂಬಳ, ಲಾಳ, ಮೇವು, ಡಾಕ್ಟರು ಎಲ್ಲ ಖರ್ಚು ಮೊದಲೇ ಆಗಿರುತ್ತದೆ. ಇಷ್ಟೆಲ್ಲ ಆದ ಮೇಲೆ ಮರಿಯ ಕಾಲು ಸೊಟ್ಟಗಿದ್ದರೆ ಕೊಳ್ಳುವವರಿಲ್ಲ. ಇಂಥ ವ್ಯವಹಾರದಲ್ಲಿ ಸಣ್ಣ ಸಾಕಣೆದಾರನಿಗೂ ದೊಡ್ಡವನಿಗೂ ಒಂದೇ ಕಟ್ಟೆ ಒದಗಿಸುವುದು ಹರಾಜು. ಕುದುರೆಯ ದೋಷಗಳನ್ನು ಮುಂಚೆಯೇ ಹೇಳಬೇಕೆಂಬ ನಿಯಮವೂ ದೊಡ್ಡ ಹರಾಜುಗಳಲ್ಲಿದೆ. ಗೋದಲಿ ಕಚ್ಚಿ ಗಾಳಿ ನುಂಗುವ ಚಟವನ್ನು ಮುಚ್ಚಿಟ್ಟು ಮಾರಿದರೆ ಕುದುರೆ ವಾಪಸ್ ಬರಬಹುದು. ಗುಟ್ಟಿನ ಚೌಕಾಸಿಗಿಂತ ಇದು ಎಷ್ಟೋ ಪ್ರಾಮಾಣಿಕ.

ಆದರೆ ಹರಾಜು ಏನನ್ನು ಅಳೆಯುತ್ತದೆ? ನಿರೀಕ್ಷೆಯನ್ನು ಮಾತ್ರ. 2006ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ 'ದ ಗ್ರೀನ್ ಮಂಕಿ' ಎಂಬ ಎರಡು ವರ್ಷದ ಕುದುರೆ 1.6 ಕೋಟಿ ಡಾಲರಿಗೆ ಹರಾಜಾಯಿತು. ಅದು ಓಡಿದ್ದು ಮೂರೇ ರೇಸು, ಗೆದ್ದದ್ದು ಒಂದೂ ಇಲ್ಲ. ಅದಕ್ಕೂ ಮುಂಚೆ, ಹರಾಜಿನಲ್ಲಿ ಯಾರಿಗೂ ಬೇಡವಾಗಿ ಮನೆಗೆ ಮರಳಿದ್ದ 'ಸಂಡೇ ಸೈಲೆನ್ಸ್' 1989ರ ಕೆಂಟಕಿ ಡರ್ಬಿ ಗೆದ್ದು, ಆಮೇಲೆ ಜಪಾನಿನಲ್ಲಿ ದೊಡ್ಡ ವಂಶವನ್ನೇ ಕಟ್ಟಿತು. ಹರಾಜಿನವರು ದಡ್ಡರೆಂದು ಹೇಳಲು ಈ ಮಾತು ಎತ್ತಲಿಲ್ಲ. ಅಷ್ಟೊಂದು ಕಣ್ಣುಗಳು ಸೇರಿ ನೋಡಿದರೂ ಕಾಣುವುದು ಮುಂದಿನ ನಾಲ್ಕೈದು ವರ್ಷದ ಓಟವಷ್ಟೇ, ಅದೂ ಮಸುಕಾಗಿ.

ಇಲ್ಲಿ ಪ್ರಾಜೆಕ್ಟ್ ಮ್ಯಾನೇಜರನ ಬುದ್ಧಿ ಸುಮ್ಮನಿರುವುದಿಲ್ಲ. ಯಾವುದೇ ಅಂದಾಜುಪಟ್ಟಿ ಕೈಗೆ ಬಂದರೆ ನಾನು ಮೊದಲು ನೋಡುವುದು ಕೊನೆಯ ಸಾಲನ್ನು: ಈ ವ್ಯವಸ್ಥೆಯನ್ನು ಮುಚ್ಚುವಾಗ ಖರ್ಚು ಯಾರದು? ರೇಸಿನ ಕುದುರೆಯ ಓಟ ಸಾಮಾನ್ಯವಾಗಿ ಎರಡು ಮೂರನೇ ವಯಸ್ಸಿಗೆ ಶುರುವಾಗಿ ಏಳೆಂಟಕ್ಕೆ ಮುಗಿಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಕುದುರೆ ಇಪ್ಪತ್ತೈದು ವರ್ಷ, ಅದಕ್ಕೂ ಮೇಲೆ ಬದುಕುತ್ತದೆ. ಅಂದರೆ ಹರಾಜಿನ ಬೆಲೆಯಲ್ಲಿ ಐದು ವರ್ಷದ ಲೆಕ್ಕವಿದೆ, ಉಳಿದ ಹದಿನೆಂಟು ಇಪ್ಪತ್ತು ವರ್ಷದ ಸಾಲೇ ಇಲ್ಲ. ಸುಮಾರು 500 ಕಿಲೋ ತೂಗುವ ಕುದುರೆಗೆ ದಿನಕ್ಕೆ ಹತ್ತು ಕಿಲೋದಷ್ಟು ಒಣಮೇವು ಬೇಕು. ಇಪ್ಪತ್ತು ವರ್ಷಕ್ಕೆ ಅದು 73 ಟನ್. ಕಿಲೋಗೆ ಹತ್ತೇ ರೂಪಾಯಿ ಎಂದು ಹಿಡಿದರೂ ಏಳು ಲಕ್ಷ ಮೂವತ್ತು ಸಾವಿರ. ಲಾಳ, ಔಷಧ, ಆಳಿನ ಸಂಬಳ ಇನ್ನೂ ಸೇರಿಸಿಲ್ಲ.

ಆ ಸಾಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿಗೆ ತಿಳಿದ ಹೆಸರು 'ಫರ್ಡಿನಂಡ್'. 1986ರ ಕೆಂಟಕಿ ಡರ್ಬಿ ಗೆದ್ದ ಕುದುರೆ. ತಳಿಗೆಂದು ಜಪಾನಿಗೆ ಮಾರಾಟವಾಯಿತು, ಅಲ್ಲಿ ಕೈ ಬದಲಾಯಿತು, ಉಪಯೋಗವಿಲ್ಲ ಎನಿಸಿದಾಗ 2002ರಲ್ಲಿ ಕಸಾಯಿಖಾನೆ ಸೇರಿತೆಂದು ವರದಿಯಾಯಿತು. ಸುದ್ದಿ ಹೊರಬಿದ್ದ ಮೇಲೆ ಕೆಲವರು ಮಾರಾಟದ ಕರಾರಿನಲ್ಲೇ ಒಂದು ಷರತ್ತು ಸೇರಿಸತೊಡಗಿದರು: ನಿಮಗೆ ಬೇಡವಾದರೆ ಮೊದಲು ನಮಗೆ ಹೇಳಿ, ನಾವು ವಾಪಸ್ ಕೊಳ್ಳುತ್ತೇವೆ. ನಮ್ಮ ದೇಶದಲ್ಲಿ ರೇಸು ಬಿಟ್ಟ ಕುದುರೆಗಳಲ್ಲಿ ಅದೃಷ್ಟವಿದ್ದವು ತಳಿಗೆ, ಸವಾರಿ ಶಾಲೆಗೆ ಹೋಗುತ್ತವೆ. ಉಳಿದವು ಮದುವೆಯ ಮೆರವಣಿಗೆಗೆ, ಗಿರಿಧಾಮಗಳ ಬಾಡಿಗೆ ಸವಾರಿಗೆ. ಆ ಬಾಡಿಗೆ ಕುದುರೆಯವನನ್ನು ಬೈಯುವುದು ಸುಲಭ. ಆದರೆ ಲಕ್ಷಗಟ್ಟಲೆ ಲಾಭ ಕಂಡವರು ಬಿಟ್ಟುಹೋದ ಖರ್ಚನ್ನು ದಿನಗೂಲಿಯಲ್ಲಿ ಹೊರುತ್ತಿರುವವನು ಅವನೇ. ಕುದುರೆಯ ಪಕ್ಕೆಲುಬು ಕಾಣುತ್ತಿದ್ದರೆ ಎಷ್ಟೋ ಸಲ ಅವನದ್ದೂ ಕಾಣುತ್ತಿರುತ್ತದೆ.

"ಮಾರಿದ ಮೇಲೆ ಒಡೆಯ ಬೇರೆ, ಹೊಣೆಯೂ ಅವನದೇ" ಎಂಬುದು ಮೊದಲ ಆಕ್ಷೇಪ. ಕುರ್ಚಿಯನ್ನೋ ಕಾರನ್ನೋ ಮಾರಿದರೆ ಒಪ್ಪೋಣ. ಆದರೆ ಕುರ್ಚಿಯ ವಿಷಯದಲ್ಲೂ ನಾವೀಗ ಪೂರ್ತಿ ಹಾಗೆ ಯೋಚಿಸುವುದಿಲ್ಲ. 2012ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ, ಕೆಟ್ಟ ಕಂಪ್ಯೂಟರು ಮೊಬೈಲುಗಳ ವಿಲೇವಾರಿಯ ಹೊಣೆ ತಯಾರಕನ ಮೇಲೂ ಇದೆ. ಸತ್ತ ಬ್ಯಾಟರಿಗೆ ಹುಟ್ಟಿಸಿದವನ ಹೆಸರು ಹಿಡಿದು ಕೇಳುತ್ತೇವೆ. ಬದುಕಿರುವ ಕುದುರೆಗೆ ಕೇಳುವುದಿಲ್ಲ.

"ಹರಾಜಿಲ್ಲದಿದ್ದರೆ ಆ ಕುದುರೆ ಹುಟ್ಟುತ್ತಲೇ ಇರಲಿಲ್ಲ, ಐದು ವರ್ಷ ರಾಜನಂತೆ ಬಾಳಿತಲ್ಲ" ಎಂಬುದು ಎರಡನೆಯದು. ಇದು ಬುದ್ಧಿವಂತರ ವಾದ. ಆದರೆ ಹುಟ್ಟಿಸಿದ ಉಪಕಾರವನ್ನು ಮುಂದಿಟ್ಟುಕೊಂಡು ಆಮೇಲೆ ಕೈಬಿಡುವ ಹಕ್ಕನ್ನು ಯಾವ ತಂದೆತಾಯಿಗೂ ನಾವು ಕೊಡುವುದಿಲ್ಲ. ಹುಟ್ಟು ತನ್ನ ಇಚ್ಛೆಯಿಂದ, ತನ್ನ ಲಾಭಕ್ಕೆ ಆಗಿದ್ದರಂತೂ ಹುಟ್ಟಿಸಿದವನ ಸಾಲ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

"ರೈತನೂ ಮುದಿ ಎತ್ತು ಮಾರುತ್ತಾನಲ್ಲ?" ಎಂಬ ಮೂರನೆಯದು ನನಗೆ ನಿಜಕ್ಕೂ ಕಷ್ಟದ್ದು. ಹಾವೇರಿ ಸಂತೆಯಲ್ಲಿ ಎತ್ತು ಮಾರಿ ಬರುತ್ತಿದ್ದ ನಮ್ಮ ಅಜ್ಜ ಕೈಯಲ್ಲಿ ಕಣ್ಣಿ ಹಿಡಿದುಕೊಂಡೇ ಬರುತ್ತಿದ್ದ. ಯಾಕಜ್ಜ ಎಂದರೆ, "ಎತ್ತು ಕೊಟ್ಟೀನಿ, ಕಣ್ಣಿ ಕೊಟ್ಟಿಲ್ಲ" ಎನ್ನುತ್ತಿದ್ದ. ಕೊಟ್ಟಿಗೆಯ ಲಕ್ಷ್ಮಿ ಹಗ್ಗದೊಂದಿಗೆ ಹೋಗಬಾರದೆಂಬ ನಂಬಿಕೆ ಅದು, ಪ್ರಾಣಿದಯೆಯ ಪಾಠವೇನಲ್ಲ. ಮುದಿ ಎತ್ತು ಎಲ್ಲಿ ಹೋಗುತ್ತದೆಂದು ಅಜ್ಜನಿಗೂ ಗೊತ್ತಿತ್ತು. ಆದರೆ ಹತ್ತು ವರ್ಷ ಅದರೊಂದಿಗೆ ಉತ್ತವನು, ಬರದಲ್ಲಿ ತನ್ನ ಊಟ ಕಡಿಮೆ ಮಾಡಿ ಅದಕ್ಕೆ ಹುಲ್ಲು ಹಾಕಿದವನು, ಬೇರೆ ದಾರಿಯಿಲ್ಲದೆ ಮಾರಿದ್ದಕ್ಕೂ, ಮಾರಲೆಂದೇ ಹುಟ್ಟಿಸಿದ್ದಕ್ಕೂ ವ್ಯತ್ಯಾಸವಿದೆ. ಬಡತನ ಹೊಣೆಯನ್ನು ಅಳಿಸದಿದ್ದರೂ ಹಗುರ ಮಾಡುತ್ತದೆ. ಸ್ಟಡ್ ಫಾರ್ಮಿನ ಒಡೆಯನಿಗೆ ಆ ರಿಯಾಯಿತಿ ಇಲ್ಲ.

ಒಳ್ಳೆಯ ಮನಸ್ಸೊಂದೇ ಇದ್ದರೆ ಸಾಲದು ಎಂಬುದನ್ನು ಕಲಿಸಲು ಸಂಭಾಜಿನಗರದ ಸುತ್ತಲಿನ ಮರಾಠವಾಡಕ್ಕಿಂತ ಒಳ್ಳೆಯ ಶಾಲೆಯಿಲ್ಲ. 2015ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಮಹಾರಾಷ್ಟ್ರದಲ್ಲಿ ಎತ್ತು ಹೋರಿಗಳ ಹತ್ಯೆಗೂ ನಿಷೇಧ ಬಂತು. ಕೊಲ್ಲಬೇಡಿ ಎಂದ ಕಾಯ್ದೆ ಮೇವು ಕೊಡಲಿಲ್ಲ. ಬರದ ವರ್ಷಗಳಲ್ಲಿ ಸರ್ಕಾರವೇ ಮೇವಿನ ಶಿಬಿರ ತೆರೆಯಬೇಕಾಯಿತು. ಅದೇ ರೀತಿ 2015ರಲ್ಲಿ ಬಾಂಬೆ ಹೈಕೋರ್ಟ್ ಮುಂಬಯಿಯ ವಿಕ್ಟೋರಿಯಾ ಗಾಡಿಗಳನ್ನು ಕಾನೂನುಬಾಹಿರವೆಂದಿತು. ಆಗಲೂ ಮುಂದಿನ ಪ್ರಶ್ನೆ ಅದೇ: ಕುದುರೆಗಳ ಮುಂದಿನ ಗತಿ ಏನು, ಗಾಡಿಯವರ ಗತಿ ಏನು? ಹೊಣೆ ಎಂದರೆ ಭಾವನೆಯಲ್ಲ, ಎತ್ತಿಟ್ಟ ಹಣ.

ಹಣದ ಕಟ್ಟಳೆ ಹೇಗಿರುತ್ತದೋ ಕುದುರೆಯ ಬಾಳೂ ಹಾಗೆ. ನಮ್ಮದೇ ಚರಿತ್ರೆಯಲ್ಲಿ ಇದಕ್ಕೆ ಉದಾಹರಣೆಯಿದೆ. ವಿಜಯನಗರಕ್ಕೆ ಹೊರ್ಮುಜ್‌ನಿಂದ ಕುದುರೆಗಳು ಹಡಗಿನಲ್ಲಿ ಬರುತ್ತಿದ್ದವು. ಸಾಳುವ ನರಸಿಂಹ ವರ್ತಕರು ಕೇಳಿದಷ್ಟು ಕೊಡುತ್ತಿದ್ದ, ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದ ಎಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ವರ್ತಕರು ತನ್ನ ಬಂದರು ಬಿಟ್ಟು ಹೋಗದಿರಲೆಂದು ರಾಜ ಹೂಡಿದ ಉಪಾಯವಿರಬೇಕು. ರಾಜ್ಯಕ್ಕೆ ಅದು ಲಾಭವೇ. ಆದರೆ ಬಾಲಕ್ಕೂ ಕುದುರೆಗೂ ಒಂದೇ ಬೆಲೆಯಾದರೆ, ಹಡಗಿನ ಒಳಗೆ ಕುದುರೆಗೆ ಒಂದು ಕೊಡ ನೀರು ಹೆಚ್ಚು ಕೊಡಬೇಕೆಂದು ವರ್ತಕನಿಗೆ ಯಾಕೆ ಅನಿಸಬೇಕು? ಇಂದಿನ ಹರಾಜಿನ ತೊಂದರೆಯೂ ಇದರ ಬಂಧುವೇ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿಕೊಂಡು ಬಂದ ಕುಣಿಗಲ್ಲಿನಲ್ಲಾಗಲಿ, ಪುಣೆಯ ಫಾರ್ಮುಗಳಲ್ಲಾಗಲಿ, ಮರಿಯನ್ನು ಪ್ರೀತಿಯಿಂದ ಬೆಳೆಸುವ ಸಯೀಸರು ಇದ್ದೇ ಇರುತ್ತಾರೆ. ಆ ಪ್ರೀತಿ ದಾಟದ ಗೆರೆಯೊಂದನ್ನು ಮಾರಾಟದ ಕ್ರಮ ಎಳೆದಿಟ್ಟಿದೆ.

ಕಾನೂನು ಕಾಪಾಡುತ್ತದೆಯೇ? 1996ರಲ್ಲಿ ಸುಪ್ರೀಂ ಕೋರ್ಟ್, ಕುದುರೆ ರೇಸು ಜೂಜಲ್ಲ, ಕೌಶಲದ ಆಟ ಎಂದಿತು. ಕುದುರೆಯ ತಳಿ, ತರಬೇತಿ, ಓಟ ಎಲ್ಲವೂ ಆ ಕೌಶಲದ ಲೆಕ್ಕದಲ್ಲಿ ಸೇರಿವೆ. ಕೌಶಲ ಯಾರದೋ ಅದಕ್ಕೇ ಪಾಲಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಾಣಿಯನ್ನು ಹಸಿವೆ ಬಾಯಾರಿಕೆಗೆ ಬಿಟ್ಟುಹೋಗುವುದನ್ನು ಅಪರಾಧವೆನ್ನುತ್ತದೆ. ಕಾಯ್ದೆಯಲ್ಲಿ ಮೊದಲ ಸಲಕ್ಕೆ ಬರೆದಿಟ್ಟ ದಂಡ 10ರಿಂದ 50 ರೂಪಾಯಿ.

ನಾವು ಊರು ಬಿಟ್ಟು ಬಂದು ದುಡಿಯುವವರು ಈ ಪ್ರಶ್ನೆಯನ್ನು ದೂರದಿಂದ ನೋಡುವ ಹಾಗಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಕ್ಯಾಂಪಸ್ಸಿನಲ್ಲಿ ನಮಗೂ ಬೆಲೆ ಕಟ್ಟಿದರು. ಕಾಲೇಜಿನ ಹೆಸರೇ ವಂಶಾವಳಿ. ನಲವತ್ತು ದಾಟಿದ ಮೇಲೆ ಕೆಲಸ ಹುಡುಕುವವರನ್ನು ಕೇಳಿ ನೋಡಿ, ಮಾರುಕಟ್ಟೆ ನೋಡುವುದು ಯಾವ ವರ್ಷಗಳನ್ನು ಎಂದು. ಆದರೂ ನಮ್ಮ ಸಂಬಳದಲ್ಲಿ ಒಂದು ಸಾಲು ಇದೆ. 1952ರ ಭವಿಷ್ಯ ನಿಧಿ ಕಾಯ್ದೆಯಿಂದಾಗಿ, ನಮ್ಮ ಯೌವನವನ್ನು ಕೊಳ್ಳುವ ಕಂಪನಿ ನಮ್ಮ ಮುಪ್ಪಿಗೂ ಶೇ. 12ರಂತೆ ತನ್ನ ಪಾಲು ಇಡಬೇಕು. ಇದು ಯಾರೋ ದಾನ ಮಾಡಿದ್ದಲ್ಲ, ದುಡಿಯುವವರು ಕೇಳಿ ಪಡೆದದ್ದು. ಕುದುರೆಗೆ ಸಂಘ ಕಟ್ಟಲು ಬರುವುದಿಲ್ಲ ಎಂಬುದೊಂದೇ ಅದಕ್ಕೆ ಪಿಎಫ್ ಇಲ್ಲದಿರುವ ಕಾರಣ.

ದಾರಿ ಇಲ್ಲವೆಂದಲ್ಲ. 1766ರಲ್ಲಿ ಲಂಡನ್ನಿನಲ್ಲಿ ಶುರುವಾದ ಟ್ಯಾಟರ್‌ಸಾಲ್ಸ್ ಸಂಸ್ಥೆ ಇಂದಿಗೂ ಕುದುರೆಯ ಬೆಲೆಯನ್ನು ಗಿನಿಗಳಲ್ಲಿ ಕೂಗುತ್ತದೆ. ಒಂದು ಗಿನಿ ಎಂದರೆ ಒಂದು ಪೌಂಡು ಒಂದು ಶಿಲ್ಲಿಂಗ್. ಪೌಂಡು ಮಾರಿದವನಿಗೆ, ಶಿಲ್ಲಿಂಗ್ ಹರಾಜು ಹಾಕಿದವನಿಗೆ ಎಂಬುದು ಹಳೆಯ ಲೆಕ್ಕ. ಬೆಲೆಯಲ್ಲಿ ಮೂರನೆಯವನಿಗೆ ಪಾಲು ಇಡಬಹುದಾದರೆ ಕುದುರೆಗೂ ಇಡಬಹುದು. ರೇಸು ಬಿಟ್ಟ ಕುದುರೆಗಳಿಗೆಂದು ಬ್ರಿಟನ್ನಿನಲ್ಲಿ 2000ದಲ್ಲಿ, ಅಮೆರಿಕದಲ್ಲಿ 2012ರಲ್ಲಿ ಸಂಸ್ಥೆಗಳು ಹುಟ್ಟಿವೆ. ವಂಶ ಕಲಬೆರಕೆಯಾಗದಿರಲೆಂದು ಕುದುರೆಗೆ ಮೈಕ್ರೋಚಿಪ್ ಹಾಕುತ್ತಾರೆ. ಅದೇ ಚಿಪ್ಪಿನಿಂದ ಅದರ ಕೊನೆಯ ವಿಳಾಸವನ್ನೂ ಹುಡುಕಬಹುದು.

ಆದರೆ ಲೆಕ್ಕ ನೇರವಾಗಿರಲಿ. ಹತ್ತು ಲಕ್ಷದ ಕುದುರೆಗೆ ಶೇ. 5 ಎಂದರೆ ಐವತ್ತು ಸಾವಿರ. ಬೇಕಾದದ್ದು ಏಳು ಲಕ್ಷಕ್ಕೂ ಮೇಲೆ. ಆ ಅಂತರವನ್ನು ತುಂಬಲು ಎರಡೇ ದಾರಿ. ಒಂದೋ ಬೆಲೆ ಏರಬೇಕು, ಇಲ್ಲವೇ ಮರಿಗಳ ಸಂಖ್ಯೆ ಇಳಿಯಬೇಕು. ಪೂರ್ತಿ ಬಾಳಿನ ಖರ್ಚು ಸೇರಿಸಿದರೆ ವ್ಯಾಪಾರ ಗಿಟ್ಟುವುದಿಲ್ಲ ಎಂದು ಯಾರಾದರೂ ಹೇಳಿದರೆ, ಈವರೆಗೆ ಅದು ಗಿಟ್ಟುತ್ತಿದ್ದದ್ದು ಕುದುರೆಯ ಮುಪ್ಪನ್ನು ಲೆಕ್ಕದಿಂದ ಹೊರಗಿಟ್ಟದ್ದಕ್ಕೆ ಎಂದೇ ಅರ್ಥ. ಹಾಗಾದರೆ ಹತ್ತು ಮರಿ ಹುಟ್ಟಿಸುವಲ್ಲಿ ನಾಲ್ಕು ಹುಟ್ಟಲಿ. ಆ ನಾಲ್ಕನ್ನು ಹರಾಜಿಗಿಡಲಿ, ಸವಾಲು ಜೋರಾಗಿಯೇ ನಡೆಯಲಿ. ಚೀಟಿಯಲ್ಲಿ ಕೊಂಡವನ ಹೆಸರಿನ ಕೆಳಗೆ ಹುಟ್ಟಿಸಿದವನ ಹೆಸರೂ ಫೋನ್ ನಂಬರೂ ಇರಲಿ, ಕುದುರೆ ಬೇಡವಾದ ದಿನ ಮೊದಲ ಕರೆ ಹೋಗಬೇಕಾದ್ದು ಆ ನಂಬರಿಗೆ.