ಸಮಾಧಾನವೋ, ಅಮಲೋ?

ಇವತ್ತಿಗೆ ನಾನು ಸಿದ್ಧ ಮಾಡಿಕೊಂಡಿದ್ದ ವಾಕ್ಯವೇ ಬೇರೆ. ಕಮಲಾಪುರದ ಒಬ್ಬ ತಾಯಿ ಕೇಳಿದ ಪ್ರಶ್ನೆ ಅದನ್ನ ಬದಿಗೆ ಸರಿಸಿಬಿಟ್ಟಿತು. ಅವರನ್ನ ಕೇಳಿಯೇ ಹೇಳ್ತಿದ್ದೀನಿ, ಹೆಸರು ಮಾತ್ರ ಹೇಳೋದಿಲ್ಲ.

ಹೋದ ವಾರದ ಹಿಂದಿನ ಶುಕ್ರವಾರ ಅವರ ಮನೆಯಲ್ಲಿ ಪ್ರಾರ್ಥನಾ ಕೂಟ ಇತ್ತು. ಕೀಬೋರ್ಡ್ ಸಣ್ಣಗೆ ನುಡೀತಿತ್ತು. ನಾನು ಕೈಯಿಟ್ಟು ಪ್ರಾರ್ಥಿಸಿದೆ. ಅವರು ಅತ್ತರು, ಆಮೇಲೆ ಗೋಡೆಗೆ ಒರಗಿ ಹಾಗೇ ಮಲಗಿಬಿಟ್ಟರು. ದೇವರ ಪ್ರಸನ್ನತೆ ಇಳಿದಿದೆ ಅಂತ ನಾನು ಸ್ತೋತ್ರ ಹೇಳಿದೆ. ಎದ್ದ ಮೇಲೆ ಚಹಾ ಕೊಡುತ್ತಾ ಅವರು ಕೇಳಿದರು: "ಪಾಸ್ಟರ್ರೀ, ಸಿಟ್ಟಾಗಬ್ಯಾಡ್ರಿ. ನನ್ನ ಮಗ ಸೇಂದಿ ಕುಡದು ಮಲಗ್ತಾನ. ನಾ ನಿಮ್ಮ ಪ್ರಾರ್ಥನ್ಯಾಗ ಮಲಗ್ತೀನಿ. ಇಬ್ಬರೂ ಎದ್ದ ಮ್ಯಾಲ ಮನಿ ಹಂಗೇ ಇರ್ತದ. ಎರಡರಾಗ ಏನ್ ಫರಕ್ ಅದ?"

ಕಲಬುರಗಿ ಬಸ್ಸಿನಲ್ಲಿ ಕೂತವನಿಗೆ ಊರು ಬರೋವರೆಗೂ ಉತ್ತರ ಹೊಳೆಯಲಿಲ್ಲ. ಬರೀ ಶಬ್ದಗಳು ತಲೆಯಲ್ಲಿ ತಿರುಗುತ್ತಿದ್ದವು. ಜೋಂಪು, ಮಂಪರು, ಮತ್ತು, ನಶೆ, ಅಮಲು. ನಮ್ಮ ಭಾಷೆಯಲ್ಲಿ ಇವಕ್ಕೇನೂ ಬರ ಇಲ್ಲ, ಬಿಡ್ರಿ. ಅದರಲ್ಲಿ ಅಮಲು ಅನ್ನೋ ಮಾತನ್ನ ಸ್ವಲ್ಪ ನೋಡಿ. ಅದು ಅರಬ್ಬಿಯಿಂದ ಬಂದದ್ದು, ಮೂಲದ ಅರ್ಥ ಕೆಲಸ, ಕಾರಭಾರ. ಕಾಯ್ದೆ ಅಮಲಿಗೆ ಬಂತು ಅಂತೀವಲ್ಲ, ಅದೇ. ಅಮಲ್ದಾರ ಅಂದರೆ ಆಡಳಿತ ನಡೆಸೋ ಅಧಿಕಾರಿ. ಕುಡಿದವನಿಗೆ ಅಮಲು ಏರಿದೆ ಅನ್ನುವಾಗಲೂ ನಾವು ಅದನ್ನೇ ಹೇಳ್ತಿದ್ದೀವಿ: ಅವನೊಳಗೆ ಈಗ ಬೇರೆಯವರ ಆಡಳಿತ. ಆಪರೇಷನ್ ಮುಂಚೆ ಕೊಡೋದಕ್ಕೆ ಅರಿವಳಿಕೆ ಅಂತಾರೆ, ಅರಿವು ಅಳಿಯೋದು.

ಅರಿವಳಿಕೆ ಪಾಪ ಅಲ್ಲ. ಡಾಕ್ಟರ್ ಬರೆದುಕೊಟ್ಟ ನಿದ್ದೆ ಗುಳಿಗೆ ನುಂಗೋದು ಅಪನಂಬಿಕೆಯೂ ಅಲ್ಲ. ಇದನ್ನ ಎಷ್ಟು ಸಲ ಹೇಳಿದರೂ ಕಡಿಮೆಯೇ. ಆದರೆ ನಮ್ಮ ಭಾಗದಲ್ಲಿ ಸೇಂದಿ ಹೆಸರಲ್ಲಿ ಕದ್ದು ಮಾರೋದರಲ್ಲಿ ಮರದ ರಸ ಎಷ್ಟು, ಸಿಎಚ್ ಪೌಡರ್ ಎಷ್ಟು ಅಂತ ಕುಡಿಯೋರಿಗೂ ಗೊತ್ತಿರಲ್ಲ. ಸಿಎಚ್ ಅಂದರೆ ಕ್ಲೋರಲ್ ಹೈಡ್ರೇಟ್. 1832ರಲ್ಲಿ ಜರ್ಮನಿಯ ಲೀಬಿಗ್ ಅದನ್ನ ತಯಾರಿಸಿದ, 1869ರಲ್ಲಿ ಲೀಬ್ರೈಖ್ ಅದು ನಿದ್ದೆ ಬರಿಸುತ್ತದೆ ಅಂತ ತೋರಿಸಿದ. ಆಸ್ಪತ್ರೆಯ ನಿದ್ದೆ ಔಷಧ ನಮ್ಮ ಹಳ್ಳಿಗಳಿಗೆ ಬಂದದ್ದು ಕೊಡದಲ್ಲಿ ಬೆರೆತು.

ಈಗ ಬೈಬಲ್ ತೆರೀರಿ, ಮಾರ್ಕ 15:23. ಶಿಲುಬೆಗೆ ಹಾಕುವ ಮುಂಚೆ ಯೇಸುವಿಗೆ ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಕೊಡೋಕೆ ಬಂದರು. ನೋವು ಮಂದ ಆಗಲಿ ಅಂತ ಕೊಟ್ಟದ್ದು ಎಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ಆತನು ತೆಗೆದುಕೊಳ್ಳಲಿಲ್ಲ. ನಿದ್ದೆಯ ವೈರಿಯಾಗಿ ಅಲ್ಲ. ಬಿರುಗಾಳಿಯಲ್ಲೇ ದೋಣಿಯಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದವನು ಆತನೇ. ಆದರೆ ಆ ಶಿಲುಬೆಯ ಮೇಲೆ ಆತನಿಗೆ ಮಾಡೋ ಕೆಲಸ ಇತ್ತು. ಯೋಹಾನ 19 ನೋಡ್ರಿ, ಅಷ್ಟು ನೋವಿನಲ್ಲೂ ಕೆಳಗೆ ನಿಂತ ತಾಯಿ ಕಣ್ಣಿಗೆ ಬಿದ್ದಳು, ಮುಂದೆ ಅವಳನ್ನ ಯಾರು ನೋಡಿಕೊಳ್ಳಬೇಕು ಅಂತ ಹೇಳಿದ.

ಹಾಗಾದರೆ ಪರವಶತೆ? ಅಪೊಸ್ತಲರ ಕೃತ್ಯಗಳು 10ರಲ್ಲಿ ಪೇತ್ರನಿಗೆ ಮಾಳಿಗೆ ಮೇಲೆ ಅದು ಆಯ್ತಲ್ಲ, ಅಂತ ಕೇಳ್ತೀರಿ. ಆಯ್ತು. ಅಲ್ಲಿರುವ ಗ್ರೀಕ್ ಮಾತು ಎಕ್ಸ್‌ಟಸಿಸ್. ಆದಾಮನ ಗಾಢನಿದ್ರೆಗೂ ಹಳೆಯ ಗ್ರೀಕ್ ಅನುವಾದ ಅದೇ ಮಾತು ಬಳಸಿದೆ. ಆದರೆ ಪೇತ್ರ ಅದರಿಂದ ಎದ್ದು ಎಲ್ಲಿಗೆ ಹೋದ? ಜನ್ಮದಲ್ಲಿ ಕಾಲಿಡದಿದ್ದ ಅನ್ಯಜನರ ಮನೆಗೆ. ಮಾಳಿಗೆ ಇಳಿದ ಪೇತ್ರನ ಕಣ್ಣು ಹತ್ತುವಾಗ ಇದ್ದದ್ದಕ್ಕಿಂತ ಹೆಚ್ಚು ತೆರೆದಿತ್ತು.

ನಮ್ಮ ಆರಾಧನೆ ಹಂಗಿದೆಯಾ? ನಾನೇ ವರ್ಷಗಟ್ಟಲೆ ಕೀಬೋರ್ಡ್ ನುಡಿಸಿದವನು. ಯಾವ ಸ್ವರ ಹಿಡಿದು ನಿಂತರೆ, ಲೈಟ್ ಎಷ್ಟು ಕಡಿಮೆ ಮಾಡಿದರೆ, ಒಂದೇ ಸಾಲು ಎಷ್ಟು ಸಲ ಹಾಡಿದರೆ ಜನ ಕರಗ್ತಾರೆ ಅಂತ ನನಗೆ ಗೊತ್ತು. ಕರಗಿದ್ದೆಲ್ಲಾ ಅಭಿಷೇಕ ಅಂತ ನಾನು ಬಾಯಿ ಮುಚ್ಚಿಕೊಂಡು ಒಪ್ಪಿದ್ದೀನಿ. ಮಾರ್ಕ್ಸ್ ಧರ್ಮವನ್ನ ಅಫೀಮಿಗೆ ಹೋಲಿಸಿದ ಅಂತ ಕಾಲೇಜಿನಲ್ಲಿ ನಿಮ್ಮ ಫ್ರೆಂಡ್ಸ್ ಕೆಣಕಿದರೆ ಕೋಪ ಮಾಡ್ಕೋಬೇಡಿ. ಜನರ ಗಾಯ ಮೇಲೆ ಮೇಲೆ ಒರೆಸಿ, ಇಲ್ಲದ ಸಮಾಧಾನವನ್ನ ಸಾರಿದ ಯಾಜಕರಿಗೆ ಯೆರೆಮೀಯ ಅವನಿಗಿಂತ ಬಹಳ ಹಿಂದೆಯೇ ಬೈದಿದ್ದಾನೆ.

ಮಂಗಳವಾರ ಮತ್ತೆ ಕಮಲಾಪುರಕ್ಕೆ ಹೋದೆ, ಕೀಬೋರ್ಡ್ ಇಲ್ಲದೆ. ಆ ತಾಯಿ ಎರಡು ತಾಸು ಮಾತಾಡಿದರು. ಹೋದ ತಿಂಗಳು ನನ್ನ ಮಾತು ಕೇಳಿ ಮಗ ಕುಡಿಯೋದನ್ನ ಒಮ್ಮೆಲೇ ಬಿಟ್ಟಿದ್ದ. ಎರಡನೇ ದಿನ ಕೈ ನಡುಗಿತು, ಗೋಡೆಯಲ್ಲಿ ಏನೇನೋ ಕಂಡಿತು. ನನಗೆ ಫೋನ್ ಬಂದಾಗ ನಾನು ದುರಾತ್ಮವನ್ನ ಗದರಿಸಿ ಪ್ರಾರ್ಥಿಸಿದೆ, ಇಟ್ಟೆ. ಅವತ್ತು ರಾತ್ರಿ ಅವನಿಗೆ ಫಿಟ್ಸ್ ಬಂತು. ತಾಯಿಯೇ ಹೋಗಿ ಸೇಂದಿ ತಂದು ಕುಡಿಸಿದರು. ಇದನ್ನ ಹೇಳೋಕೆ ಅವರು ಮೂರು ಸಲ ಬಾಯಿ ತೆರೆದಿದ್ದರಂತೆ. ಮೂರು ಸಲವೂ ನಾನು, "ಎಲ್ಲಾ ಕರ್ತನ ಪಾದದಾಗ ಇಡ್ರಿ ಅವ್ವಾ, ಸಮಾಧಾನ ಇರ್ರಿ" ಅಂದಿದ್ದೆ.

ದುರಾತ್ಮಗಳಿಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಇಂಥ ಪೌಡರ್ ಸೇಂದಿ ರೂಢಿಯಾದವರು ಹಠಾತ್ತನೆ ಬಿಟ್ಟರೆ ದೇಹ ಹಂಗೇ ಮಾಡ್ತದೆ, ಅದು ಜೀವಕ್ಕೂ ಕುತ್ತು, ಡಾಕ್ಟರ್ ಕೈಕೆಳಗೇ ಬಿಡಿಸಬೇಕು ಅಂತ ಒಂದು ಮಾತು ಕೇಳಿ ತಿಳ್ಕೋಬಹುದಿತ್ತು. ನಾನು ಕೇಳಲಿಲ್ಲ. ಅವರ ಮುಂದೆ ಕ್ಷಮೆ ಬೇಡಿದೆ. "ಆಯ್ತು ತಗೋರಿ, ಈಗ ದವಾಖಾನಿಗೆ ನಡೀರಿ" ಅಂದರು.

ಆ ಹುಡುಗ ಈಗ ಇಲ್ಲೇ ಕಲಬುರಗಿಯಲ್ಲಿ ಅಡ್ಮಿಟ್ ಆಗಿದ್ದಾನೆ. ಹಗಲು ತಾಯಿ ಇರ್ತಾರೆ, ರಾತ್ರಿ ನಮ್ಮ ಸಭೆಯ ತಮ್ಮಂದಿರು ಪಾಳಿ ಹಚ್ಚಿಕೊಂಡಿದ್ದಾರೆ. ಗುರುವಾರ ರಾತ್ರಿಗೆ ಇನ್ನೂ ಒಬ್ಬರು ಬೇಕು. ಬೆಳಗಿನವರೆಗೆ ಎಚ್ಚರ ಇರೋಕೆ ಆಗ್ತದೆ ಅನ್ನೋರು, ಕೂಟ ಮುಗಿದ ಮೇಲೆ ಬಾಗಿಲ ಹತ್ತಿರ ನನ್ನನ್ನ ಕಾಣ್ರಿ.