ಬೆರಳ ತುದಿಯ ಅನುಮತಿ

ಚತುರ್ದಶಿಯಂದು ಪ್ರೋಷಧೋಪವಾಸ ಕೈಗೊಂಡ ಶ್ರಾವಕನೊಬ್ಬನು ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಜಪಕ್ಕೆ ಕುಳಿತಿರುವನೆಂದು ಭಾವಿಸಿರಿ. ಬಂಟ್ವಾಳದ ಕಚೇರಿಯಿಂದ ಅವನ ಮೊಬೈಲಿಗೆ ಸಂದೇಶವೊಂದು ಬರುತ್ತದೆ: ಬೆಳ್ತಂಗಡಿಯ ಉಗ್ರಾಣದಲ್ಲಿ ಹುಳುಗಳಿಗೆ ವಿಷದ ಹೊಗೆ ಹಾಕಿಸಬೇಕು, ಒಪ್ಪಿಗೆ ನೀಡಿರಿ. ಅವನು ಪೂರ್ತಿ ಓದದೆ ಗುರುತನ್ನೊತ್ತಿ ಜಪಕ್ಕೆ ಮರಳುತ್ತಾನೆ. ವ್ರತವು ಉಳಿಯಿತೇ?

ಕಾಗದವಿಲ್ಲ, ಶಾಯಿಯಿಲ್ಲ, ಕೃತ್ಯ ನಡೆಯುವುದು ಬೇರೆ ಊರಿನಲ್ಲಿ ಎಂಬ ಸಮಾಧಾನ ಸಲ್ಲದು. ಲೌಕಿಕ ಕಾನೂನೂ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೂಲಕ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ನೀಡಿದೆ. ಆಗಮವಾದರೋ ಇನ್ನೂ ಸೂಕ್ಷ್ಮ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನ-ವಚನ-ಕಾಯಗಳಿಂದಲೂ, ಕೃತ-ಕಾರಿತ-ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ ಆಸ್ರವದ್ವಾರಗಳು 108 ಎಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಿಂದ ತಿಳಿಯುತ್ತದೆ. ಅವನ ಕೈಯಲ್ಲಿರುವ ಜಪಮಾಲೆಯ ಮಣಿಗಳೂ ಅಷ್ಟೇ.

ಹಾಗಾದರೆ ಗೃಹಸ್ಥನು ಸಹಿಯನ್ನೇ ಹಾಕಬಾರದೇ? ಹಾಗಲ್ಲ. ಅನುಮತಿತ್ಯಾಗವು ಹತ್ತನೆಯ ಪ್ರತಿಮೆ; ಅದನ್ನು ಏರದವನಿಗೆ ಉದ್ಯೋಗದ ಹೊಣೆ ತಪ್ಪದು. ಆದರೆ ಹಿಂಸೆಯ ಮೂಲ ಪ್ರಮಾದ. ಓದದೆ ಕೊಟ್ಟ ಒಪ್ಪಿಗೆಯು ಪ್ರಮಾದವೇ ಹೊರತು ನಿರ್ಲಿಪ್ತತೆಯಲ್ಲ. ಅಧಿಕಾರವನ್ನು ಆ ದಿನ ಇನ್ನೊಬ್ಬರಿಗೆ ವಹಿಸಿದರೂ ಅದು ಕಾರಿತವಾದೀತು.

ಆದುದರಿಂದ ಪರ್ವದಿನದಲ್ಲಿ ಇಂತಹ ಕಾರ್ಯವನ್ನು ಪಾರಣೆಯ ನಂತರಕ್ಕೆ ಮುಂದೂಡುವುದೇ ಲೇಸು. ಅನಂತರವೂ ಪೂರ್ಣವಾಗಿ ಓದಿ, ಧಾನ್ಯವನ್ನು ಒಣಗಿಸಿ ಕಾಪಾಡುವ ಉಪಾಯವುಂಟೇ ಎಂದು ಕೇಳಿ, ಅನಿವಾರ್ಯವಾದರೆ ಮಾತ್ರ ಒಪ್ಪಿ, ಸಂಜೆ ಪ್ರತಿಕ್ರಮಣದಲ್ಲಿ ಅದನ್ನು ನೆನೆಯಲಿ. ಉಪವಾಸವು ನಾಲಗೆಗಷ್ಟೇ ಅಲ್ಲ, ಬೆರಳಿಗೂ ಸಲ್ಲತಕ್ಕದ್ದು.